ಶನಿವಾರದ ಎರಡು ಕುರ್ಚಿಗಳು

ಕುಮಾಸಿ
ಮಾರ್ಚ್ 3, 1996

ದಂಡ ಹಿಡಿದು ಅರಸರ ಮಾತು ಸಾರುವ ಮಾತುಗಾರನೇ, ಕಿವಿಗೊಟ್ಟು ಕೇಳು. ಕೇಳಿದ್ದನ್ನು ಸಭೆಗೆ ಮುಟ್ಟಿಸು.

ಆಪಾಮ್ ಊರಿನ ಹಿರಿಯರೇ, ಕಿರಿಯರೇ, ದಡಕ್ಕೆ ಎಳೆದಿಟ್ಟ ದೋಣಿಗಳೇ, ಒಲೆಯ ಮೇಲೆ ಹೊಗೆ ಕುಡಿಯುತ್ತಿರುವ ಮೀನುಗಳೇ, ನಾಲ್ಕನೇ ತರಗತಿಯ ಮೂಗು ಸೋರುವ ಮಹನೀಯರೇ! ಕೂರಲು ಕುರ್ಚಿ ಕೊಟ್ಟಿರಿ, ಕುಡಿಯಲು ನೀರು ಕೊಟ್ಟಿರಿ. ಈಗ ಪದ್ಧತಿಯಂತೆ, ಬಂದ ಕಾರ್ಯವೇನೆಂದು ಕೇಳುತ್ತಿದ್ದೀರಿ. ಹೇಳುತ್ತೇನೆ. ಅರಬಾ ಕ್ವಾಂಸಾ ಎಂಬ ನಲವತ್ತೈದರ ಹೆಂಗಸು, ನಿಮ್ಮ ಮಕ್ಕಳಿಗೆ ವರ್ಷಗಟ್ಟಲೆ ಮಗ್ಗಿ ಬಾಯಿಪಾಠ ಮಾಡಿಸಿದವಳು, ಕಲನಶಾಸ್ತ್ರವೆಂಬ ಮೃಗದ ಮುಂದೆ ಎರಡನೇ ಸಲ ನಿಲ್ಲಲಿದ್ದಾಳೆ. ಮೊದಲ ಸಲ ಅದು ಅವಳನ್ನು ಅಗಿದು, ರುಚಿಯಿಲ್ಲವೆಂದು ಉಗಿಯಿತು.

ಎಫ್ರಿಬಾ, ಸಭೆ ನಗುತ್ತಿರಲಿ, ನೀನು ಕೇಳು. ಜೂನ್ ಎಂಟು, ಶನಿವಾರ, ಅಂತಿಮ ಪರೀಕ್ಷೆ. ಈ ಸಲವೂ ನಪಾಸಾದರೆ ಇಲಾಖೆ ಓದಲು ಕೊಟ್ಟ ರಜೆ ರದ್ದು. ಪದವಿಯಿಲ್ಲದೆ ಊರಿಗೆ ವಾಪಸ್. ಮೂರನೇ ಅವಕಾಶ ಎಂಬ ಮಾತು ಇಲ್ಲಿನ ನಿಯಮದಲ್ಲೇ ಇಲ್ಲ.

ನನ್ನ ಕೋಣೆಯಲ್ಲಿರುವ ಮಿಲಿಸೆಂಟ್ ನಿನಗಿಂತ ಒಂದು ವರ್ಷ ಚಿಕ್ಕವಳು. "ಮಮ್ಮಾ, ಎಕ್ಸ್ ಕಂಡ್ರೆ ಯಾಕೆ ಹಿಂಗೆ ಬೆವರ್ತೀರಾ? ಅದೂ ಒಂದು ಅಕ್ಷರ ಅಷ್ಟೇ" ಅಂದಳು.

"ಸಿಂಹಾನೂ ಒಂದು ಬೆಕ್ಕೇ ಕಣಮ್ಮ" ಅಂದೆ.

ಆದರೆ ಈ ಸಲ ನನ್ನ ಹತ್ತಿರ ಆಯುಧವಿದೆ. ಮಕ್ಕಳಿಗೆ ಮಗ್ಗಿ ಹಾಡಿಸಿದವಳು ನನಗೆ ನಾನೇ ಹಾಡಿಸಬಾರದೇ? ಘಾತದ ಅವಕಲನಕ್ಕೆ ಇದು:

ತಲೆ ಮೇಲೆ ಕುಂತಿದ್ದ ಘಾತ
ಮುಂದಿಳಿದು ನಿಂತಾನೊ ಆತ;
ಬಿಟ್ಟ ಜಾಗಕೆ ಬಂದಾನೊ ತಮ್ಮ,
ಅಣ್ಣನಿಗಿಂತ ಒಂದೇ ಕಮ್ಮಿ, ಕಾಣಮ್ಮ!

ಮೇಷ್ಟ್ರು ಡಾಕ್ಟರ್ ಅಗ್ಬೆನು ಇದನ್ನು ಕೇಳಿ ಕನ್ನಡಕ ತೆಗೆದು ಒರೆಸಿದರು. ಅದು ಮೆಚ್ಚುಗೆಯೋ ಮರುಕವೋ ತಿಳಿಯಲಿಲ್ಲ. ಇನ್ನೊಂದು ಪಾಠದಲ್ಲಿ, ಯಾವ ಬಿಂದುವನ್ನಾದರೂ ಎಡಗಡೆಯಿಂದಲೂ ಸಮೀಪಿಸಬೇಕು, ಬಲಗಡೆಯಿಂದಲೂ ಸಮೀಪಿಸಬೇಕು ಎಂದರು. ನಮ್ಮೂರಲ್ಲಿ ಎಡಗೈ ಮುಂದೆ ಮಾಡಿ ಯಾರನ್ನಾದರೂ ಸಮೀಪಿಸಿ ನೋಡಲಿ, ಗೊತ್ತಾಗುತ್ತೆ.

ಮರಗೆಣಸಿನ ಗಾರಿ ನೆನೆಸಿ ಗಣಿತ ಅರೆಯುವ,
ನಿನ್ನ ಅಮ್ಮ ಅರಬಾ

* * *

ಆಪಾಮ್
ಮಾರ್ಚ್ 17, 1996

ಪ್ರೀತಿಯ ಅಮ್ಮ,

ಪತ್ರ ತಲುಪಿತು. ಲಾರಿ ಡ್ರೈವರ್ ಅದನ್ನು ಟೊಮೆಟೊ ಬುಟ್ಟಿಗಳ ನಡುವೆ ಇಟ್ಟಿದ್ದನಂತೆ. ನಿನ್ನ ಘಾತ ಅರ್ಧ ಕೆಂಪಾಗಿತ್ತು.

ನಿನ್ನ ಜಾಗದಲ್ಲಿ ಪಾಠ ಮಾಡುವುದು ನಡೆದಿದೆ. ನಾನು ತಪ್ಪು ಮಾಡಿದೆ, ನಿನ್ನ ಪದ್ಯವನ್ನು ಮಕ್ಕಳೆದುರು ಗುನುಗಿದೆ. ಈಗ ಇಡೀ ನಾಲ್ಕನೇ ತರಗತಿ ಹಗ್ಗ ಜಿಗಿಯುವಾಗ ಅದನ್ನೇ ಹಾಡುತ್ತದೆ. ಹೆಡ್ ಮೇಷ್ಟ್ರು ಕರೆಸಿದರು.

"ಏನಮ್ಮ, ಈ ಘಾತ ಅನ್ನೋನು ಯಾರು? ಊರಲ್ಲಿ ಯಾರನ್ನಾದ್ರೂ ಆಡ್ಕೋತಿದ್ದೀಯಾ?"

"ಇಲ್ಲ ಸರ್, ಅದು ಗಣಿತ."

"ಗಣಿತಕ್ಕೆ ತಮ್ಮ ಬೇರೆ ಇದ್ದಾನಾ?"

ಎಸ್ಸಿಲ್ಫೀ ತಾತನ ಕೆಮ್ಮು ಜಾಸ್ತಿಯಾಗಿದೆ. "ನನ್ನ ತಂಗಿ ಮಗಳು ಎಲ್ಲಿ?" ಎಂದು ಕೇಳುತ್ತಾರೆ. "ಕುಮಾಸಿಯಲ್ಲಿ ಓದ್ತಿದ್ದಾಳೆ" ಎಂದರೆ, "ಈ ವಯಸ್ಸಲ್ಲಿ? ಹಲ್ಲು ಬೀಳೋ ಹೊತ್ತಿಗೆ ಕಬ್ಬು ಕೊಂಡ್ಲಾ?" ಎಂದು ನಕ್ಕು ಮತ್ತೆ ಕೆಮ್ಮುತ್ತಾರೆ.

ನೀನು ಬಿಟ್ಟುಹೋದ ಹಳೆಯ ಗಣಿತದ ಪುಸ್ತಕದ ಮೇಲೆ ಹುರಿದ ಮೀನಿನ ವಾಸನೆ ಹತ್ತಿದೆ. ಆದರೂ ಮೊದಲ ಅಧ್ಯಾಯ ಓದಿದೆ, ಸುಮ್ಮನೆ.

ಈಸ್ಟರಿಗೆ ಬರುತ್ತೀಯಲ್ಲ?

ಎಫ್ರಿಬಾ

* * *

ಕುಮಾಸಿ
ಏಪ್ರಿಲ್ 14, 1996

ಮಾತುಗಾರನೇ, ದಂಡ ಎತ್ತಿ ನೆಲಕ್ಕೆ ಕುಟ್ಟು! ಡೋಲು ಬಾರಿಸಲಿ! ಘಾನಾ ದೇಶದ ಸಮಸ್ತ ನಲ್ಲಿಗಳೇ, ಬಕೆಟ್ಟುಗಳೇ, ನನ್ನ ಮಾತು ಕೇಳಿ!

ಎಫ್ರಿಬಾ, ನನಗೆ ಅರ್ಥವಾಯಿತು. ಹೋದ ವರ್ಷವೆಲ್ಲ ಅವಕಲನ ಒಂದು ಊರು, ಅನುಕಲನ ಇನ್ನೊಂದು ಊರು, ನಡುವೆ ಬಸ್ಸಿಲ್ಲ ಎಂದುಕೊಂಡಿದ್ದೆ. ನಿನ್ನೆ ಬೆಳಿಗ್ಗೆ ಹಾಸ್ಟೆಲಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಸಾಲಿನಲ್ಲಿ ಮುಂದೆ ನಿಂತಿದ್ದೆ. ನಲ್ಲಿ ಒಮ್ಮೆ ಸಣ್ಣಗೆ, ಒಮ್ಮೆ ಜೋರಾಗಿ ಬರುತ್ತಿತ್ತು. ನಲ್ಲಿಯ ರಭಸವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋದರೆ ಬಕೆಟ್ಟಿನ ನೀರೆಷ್ಟೆಂದು ತಿಳಿಯುತ್ತದೆ. ಬಕೆಟ್ಟಿನ ನೀರು ಏರುವುದನ್ನೇ ನೋಡುತ್ತ ನಿಂತರೆ, ನಲ್ಲಿಯತ್ತ ಕಣ್ಣು ಹಾಯಿಸದೆಯೇ ಅದರ ರಭಸ ತಿಳಿಯುತ್ತದೆ. ಒಂದೇ ದಾರಿ ಕಣೇ! ಒಬ್ಬ ಹೋಗುತ್ತಾನೆ, ಒಬ್ಬ ಬರುತ್ತಾನೆ, ಅಷ್ಟೇ!

ನಾನು ಕಿರುಚಿದೆ. ಬಕೆಟ್ ತುಂಬಿ ಹರಿಯುತ್ತಿತ್ತು.

ಹಿಂದಿದ್ದವಳು, "ಮಮ್ಮಾ, ಬೇಟೆ ಹಬ್ಬದಲ್ಲಿ ಕೂಗಿದ ಹಾಗೆ ಕೂಗ್ತೀರಲ್ಲ, ಜಿಂಕೆ ಕಂಡ್ರಾ? ಬಕೆಟ್ ತೆಗೀರಿ!" ಎಂದಳು.

"ಅದರ ಹಿಂದಿನ ಕಾಡೇ ಕಂಡೆ ಕಣಮ್ಮ!"

"ಕಾಡು ಆಮೇಲೆ ನೋಡಿ. ನಂಗೆ ಏಳೂವರೆಗೆ ಕ್ಲಾಸಿದೆ!"

ಇನ್ನೂ ಕೇಳು. ನಲ್ಲಿ ತಿರುಗಿಸುವ ಮೊದಲೇ ಬಕೆಟ್ಟಿನ ತಳದಲ್ಲಿ ಒಂದಿಷ್ಟು ನೀರಿದ್ದರೆ? ನಲ್ಲಿಯನ್ನು ಎಷ್ಟು ನೋಡಿದರೂ ಅದು ಗೊತ್ತಾಗುವುದಿಲ್ಲ. ಅದಕ್ಕೇ ಉತ್ತರದ ಕೊನೆಗೆ ಒಂದು ಸ್ಥಿರಾಂಕ ಸೇರಿಸಬೇಕು. ಅದನ್ನು ಮರೆತೇ ನಾನು ಹೋದ ವರ್ಷ ಮುಳುಗಿದ್ದು.

ಅನುಕಲನ ಮುಗೀತೆಂದು ಕುಣಿಯಬೇಡ, ಜಾಣೆ,
ತಳದ ನೀರ ಮರೆತರೆ ಅಂಕವೆಲ್ಲ ಕಾಣೆ!

ಮಿಲಿಸೆಂಟಳಿಗೂ ಅವಳ ಗೆಳತಿಯರಿಗೂ ನಾನೇ ಹೇಳಿಕೊಟ್ಟೆ. ಈಗ ಸಂಜೆಯಾದರೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಹುಡುಗಿಯರೆಲ್ಲ ಸೇರಿ, ಫುಟ್‌ಬಾಲ್ ಪಂದ್ಯಕ್ಕೆ ಹಾಡುವ ಧಾಟಿಯಲ್ಲಿ ನನ್ನ ಪದ್ಯ ಹಾಡುತ್ತಾರೆ. ಒಬ್ಬಳು ಡಬ್ಬ ಬಡಿಯುತ್ತಾಳೆ. ಪಕ್ಕದ ಹಾಸ್ಟೆಲಿನ ಗಂಡುಮಕ್ಕಳು ಕದ್ದು ಬರೆದುಕೊಳ್ಳುತ್ತಿದ್ದಾರಂತೆ!

ಈಸ್ಟರಿಗೆ ಬರಲಾಗಲಿಲ್ಲ. ರಜೆಯಲ್ಲೂ ಗ್ರಂಥಾಲಯ ತೆರೆದಿತ್ತು. ಮಾವನಿಗೆ ಹೇಳು, ಕಬ್ಬು ಸಿಹಿಯಾಗಿದೆ.

ನಲ್ಲಿಯಡಿಯ ನಲಿವಿನ,
ಅಮ್ಮ

* * *

ಆಪಾಮ್
ಮೇ 5, 1996

ಅಮ್ಮ,

ಎಸ್ಸಿಲ್ಫೀ ತಾತ ಹೋದರು. ಗುರುವಾರ ಬೆಳಗಿನ ಜಾವ, ನಿದ್ದೆಯಲ್ಲಿ. ಕಬ್ಬಿನ ಸುದ್ದಿ ಮುಟ್ಟಿಸಿದ್ದೆ. ನಕ್ಕಿದ್ದರು.

ಕುಲದ ಸಭೆ ಆಯಿತು. ದೂರದ ನೆಂಟರೆಲ್ಲ ಸೇರುವವರೆಗೆ ದೇಹ ಆಸ್ಪತ್ರೆಯ ಶೈತ್ಯಾಗಾರದಲ್ಲಿರುತ್ತದೆ. ಅಂತ್ಯಕ್ರಿಯೆಗೆ ಕುಲದ ಹಿರಿಯ ಎಗ್ಯಾ ಒಟ್ಸಿವಾ ದಿನ ಗೊತ್ತು ಮಾಡಿದರು. ಜೂನ್ ಎಂಟು, ಶನಿವಾರ.

ನಾನು ಹಿಂದಿನ ಸಾಲಿನಲ್ಲಿದ್ದೆ. ಎದ್ದು ನಿಂತೆ. ಎಗ್ಯಾ ನನ್ನನ್ನು ನೋಡಿ, "ಕೂತ್ಕೊ ಮಗಳೇ, ಕೇಳಿದಾಗ ಹೇಳಿದ್ರೆ ಸಾಕು" ಎಂದರು. ಯಾರೂ ಕೇಳಲಿಲ್ಲ. ಮಾರನೇ ದಿನವೇ ಭಿತ್ತಿಪತ್ರ ಅಚ್ಚಾಯಿತು. ನೆಂಟರ ಸಾಲಿನಲ್ಲಿ ಮೊದಲ ಹೆಸರೇ ನಿನ್ನದು, ತಂಗಿಯ ಹಿರಿಯ ಮಗಳು ಅರಬಾ ಕ್ವಾಂಸಾ. ಮಾರುಕಟ್ಟೆ ಗೋಡೆಯ ಮೇಲೆ, ಪಡಖಾನೆಯ ಬಾಗಿಲ ಮೇಲೆ, ನಮ್ಮ ಶಾಲೆಯ ಕಂಬದ ಮೇಲೆ, ಎಲ್ಲ ಕಡೆ ನೀನಿದ್ದೀಯ.

ಮುಂದಿನ ಕುರ್ಚಿಯಲ್ಲಿ ನೀನೇ ಕೂತು, ಬಂದವರ ಕೈ ಹಿಡಿಯಬೇಕು. ತಾಯಿ ಕಡೆಯ ಕುಲದ ಪದ್ಧತಿ, ಅದು ನಿನಗೆ ಗೊತ್ತು.

ಏನು ಮಾಡಲಿ ಬರೆ.

ಎಫ್ರಿಬಾ

* * *

ಕುಮಾಸಿ
ಮೇ 12, 1996

ಎಫ್ರಿಬಾ,

ಡಾಕ್ಟರ್ ಅಗ್ಬೆನು ಅವರ ಬಳಿ ಹೋಗಿದ್ದೆ. ಪರೀಕ್ಷೆಯ ದಿನ ಒಬ್ಬಳಿಗಾಗಿ ಬದಲಾಗುವುದಿಲ್ಲ ಎಂದರು. ಆಮೇಲೆ ಮೆಲ್ಲಗೆ, "ಹೋದವರಿಗೆ ಮುಂದಿನ ಶನಿವಾರ ಆಗಲ್ವೇನಮ್ಮ?" ಎಂದು ಕೇಳಿದರು.

"ಹೋದವರಿಗೆ ಆಗುತ್ತೆ ಸರ್, ಇದ್ದವರಿಗೆ ಆಗಲ್ಲ" ಅಂದೆ.

ನಮ್ಮ ಜನ ಏನನ್ನುತ್ತಾರೆಂದು ಗೊತ್ತಲ್ಲ. ಇನ್ನೊಬ್ಬರ ಹೆಣಕ್ಕೆ ಬಾರದವಳ ಹೆಣಕ್ಕೆ ಹೆಗಲು ಸಿಗುವುದಿಲ್ಲ. ನನ್ನ ಹೆಣ ಹೇಗಾದರೂ ಹೋಗಲಿ, ನಾಳೆ ನೀನು ಆ ಊರಲ್ಲಿ ಬಾಳಬೇಕು. ನಾನು ಬರುತ್ತೇನೆ. ಸಾವಿಗೆ ಉಡುವ ಕಡುಗೆಂಪು ಬಟ್ಟೆ ಪೆಟ್ಟಿಗೆಯ ತಳದಲ್ಲಿದೆ, ಬಿಸಿಲಿಗೆ ಹಾಕು.

ಪುಸ್ತಕಗಳನ್ನು ಮಿಲಿಸೆಂಟಳಿಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ನನ್ನ ಮಂಚದ ಮೇಲೇ ಇಟ್ಟುಹೋದಳು.

ಇಂದು ಪ್ರಾಸ ಬರುತ್ತಿಲ್ಲ.

ಅಮ್ಮ

* * *

ಆಪಾಮ್
ಮೇ 19, 1996

ಮಾತುಗಾರನೇ, ನಿನ್ನನ್ನು ಕರೆಯುವುದು ಅಮ್ಮನಿಗೆ ಮಾತ್ರ ಬರುತ್ತದೆಂದುಕೊಂಡೆಯಾ? ಏಳು! ಕುಮಾಸಿಯ ಸಮಸ್ತ ಪಂಡಿತರೇ, ಹಾಸ್ಟೆಲಿನ ಬಕೆಟ್ಟುಗಳೇ, ಕನ್ನಡಕ ಒರೆಸುವ ಡಾಕ್ಟರರೇ, ಸಿಹಿಸುದ್ದಿ ಕೇಳಿ! ಅರಬಾ ಕ್ವಾಂಸಾ ಪರೀಕ್ಷೆ ಬರೆಯತಕ್ಕದ್ದು. ಇದು ಕುಲದ ಅಪ್ಪಣೆ.

ಅಮ್ಮ, ನಿನ್ನ ಪತ್ರ ಬಂದ ಕೂಡಲೇ ಎಗ್ಯಾ ಒಟ್ಸಿವಾ ಮತ್ತೆ ಸಭೆ ಕರೆದರು. ಎಲ್ಲರೂ ಬಂದರು. ನೆಲಕ್ಕೆ ಹೆಂಡ ಸುರಿದು ಗತಿಸಿದ ಹಿರಿಯರನ್ನು ಕರೆದಾಯಿತು. ಈ ಸಲ ನನ್ನನ್ನು ಕೇಳಿದರು. ನಾನು ನಿಂತು ಎಲ್ಲ ಹೇಳಿದೆ, ನಲ್ಲಿ, ಬಕೆಟ್, ತಳದ ನೀರು, ಮೂರನೇ ಅವಕಾಶವಿಲ್ಲದ್ದು, ಎಲ್ಲ. ಮೂಲೆಯಲ್ಲಿ ಯಾರೋ "ಹೆಂಗಸಿಗೆ ಈ ವಯಸ್ಸಲ್ಲಿ ಬಕೆಟ್ಟಿನ ಲೆಕ್ಕ ಯಾಕೆ?" ಎಂದು ಗೊಣಗಿದರು. ಎಗ್ಯಾ ಊರುಗೋಲು ಕುಟ್ಟಿದರು ನೋಡು!

"ಮುಚ್ರೋ ಬಾಯಿ! ಬಲೆ ಎಸೆಯೋನು ಸಮುದ್ರದ ಲೆಕ್ಕ ಇಡಬೇಕು, ಪಾಠ ಹೇಳೋಳು ಪುಸ್ತಕದ ಲೆಕ್ಕ ಇಡಬೇಕು. ಎಸ್ಸಿಲ್ಫೀ ಏನೂ ಎದ್ದು ಓಡಿಹೋಗಲ್ಲ. ಹೆಣಕ್ಕೆ ಅವಸರ ಇಲ್ಲ, ಹೆಣ್ಣಿಗೆ ಅವಕಾಶ ಇನ್ನಿಲ್ಲ. ಅವಳು ಅಲ್ಲಿ ಕುರ್ಚಿ ಮೇಲೆ ಕೂತು ಬರೀಲಿ. ಇಲ್ಲಿ ಅವಳ ಕುರ್ಚಿ ಮೇಲೆ ಅವಳ ಮಗಳು ಕೂರ್ಲಿ. ತಾಯಿ ಕುರ್ಚಿ ಮಗಳಿಗೆ ಅಲ್ದೆ ಇನ್ಯಾರಿಗೆ?"

ಗೊಣಗಿದವರೇ ಮೊದಲು ತಲೆಯಾಡಿಸಿದರು.

ಆದ್ದರಿಂದ ಬರಬೇಡ. ಬಟ್ಟೆ ಬಿಸಿಲಿಗೆ ಹಾಕಿದ್ದೇನೆ. ನನ್ನ ಅಳತೆಗೆ ಒಂದು ಮಡಿಕೆ ಜಾಸ್ತಿ ಹಾಕಿದರೆ ಸರಿಹೋಗುತ್ತದೆ.

ಕುಲದ ಪರವಾಗಿ,
ಎಫ್ರಿಬಾ

* * *

ಕುಮಾಸಿ
ಜೂನ್ 5, 1996

ಎಫ್ರಿಬಾ, ಎಫ್ರಿಬಾ!

ಎಗ್ಯಾ ಒಟ್ಸಿವಾ ಅವರ ಬಾಯಲ್ಲಿ ಪ್ರಾಸವಿದೆಯೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಅವರ ಮಾತನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮಂಚದ ತಲೆಗೆ ನಿಲ್ಲಿಸಿದ್ದೇನೆ. ಮಿಲಿಸೆಂಟ್ ದಿನಾ ಅದಕ್ಕೆ ಕೈಮುಗಿಯುತ್ತಾಳೆ.

ಉದ್ದ ಬರೆಯಲು ಹೊತ್ತಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಮುಗಿದವು. ಮುಗಿದವನ್ನೇ ಮತ್ತೆ ಮಾಡುತ್ತಿದ್ದೇನೆ. ಜೋಳದ ಕೆಂಕೆ ಮಾರುವವಳು ಹೊದಿಕೆಯ ಎಲೆ ಬಿಚ್ಚಿದರೆ ಉಂಡೆಯ ಘನಫಲ ಕಾಣುತ್ತದೆ. ಟ್ರೊಟ್ರೊ ಬಸ್ಸು ಬ್ರೇಕ್ ಹಾಕಿದರೆ ಅವಕಲನ ಕಾಣುತ್ತದೆ. "ಆ ಕಡೆ ಈ ಕಡೆ ನೋಡ್ದೆ ರಸ್ತೆ ದಾಟ್ತೀರಲ್ಲ ಮಮ್ಮಾ, ಪರೀಕ್ಷೆಗೆ ಮುಂಚೆ ಸತ್ರೆ ಅಂಕ ಕೊಡಲ್ಲ!" ಎಂದು ಮಿಲಿಸೆಂಟ್ ಬೈಯುತ್ತಾಳೆ. ಗುಣಲಬ್ಧದ ನಿಯಮ ಈಗ ಹೀಗೆ:

ಒಬ್ಬಳು ಮಲಗಲಿ, ಒಬ್ಬಳು ದುಡಿಯಲಿ,
ಆಮೇಲೆ ಪಾಳಿ ಬದಲಾಗಲಿ;
ಇಬ್ಬರ ಗಳಿಕೆಯ ಕೂಡಿಸಿ ಇಟ್ಟರೆ
ಗುಣಾಕಾರದ ಗುಟ್ಟು ಬಯಲಾಗಲಿ!

ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ನೀನು ನಿನ್ನ ಕುರ್ಚಿಯಲ್ಲಿ, ನಾನು ನನ್ನ ಕುರ್ಚಿಯಲ್ಲಿ. ಬೆನ್ನು ನೆಟ್ಟಗಿರಲಿ.

ಅಮ್ಮ

* * *

ಆಪಾಮ್
ಜೂನ್ 10, 1996

ಅಮ್ಮ,

ಎಲ್ಲ ಚೆನ್ನಾಗಿ ನಡೆಯಿತು. ತುಂಬ ಜನ ಬಂದಿದ್ದರು. ಬ್ಯಾಂಡು ಚೆನ್ನಾಗಿತ್ತು. ಕೈ ನೋಯುತ್ತಿದೆ, ಅದಕ್ಕೇ ಚಿಕ್ಕ ಪತ್ರ.

ಎಫ್ರಿಬಾ

* * *

ಕುಮಾಸಿ
ಜುಲೈ 13, 1996

ಮಾತುಗಾರನೇ! ದಂಡ ಬಿಸಾಕು, ಕುಣಿ!

ಪಾಸು! ಎಫ್ರಿಬಾ, ನಿನ್ನ ಅಮ್ಮ ಪಾಸು! ಫಲಕದ ಮುಂದೆ ಮೇಲಿನಿಂದ ನೋಡಲು ಧೈರ್ಯವಿಲ್ಲದೆ ಕೆಳಗಿನಿಂದ ಹುಡುಕುತ್ತ ಬಂದೆ. ಕೆಳಗಿಲ್ಲ. ನಡುವೆ ಇಲ್ಲ. ಹೆಸರೇ ಬಿಟ್ಟಿದ್ದಾರೆಂದು ಎದೆ ಒಡೆಯಿತು. ಮಿಲಿಸೆಂಟ್ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದಳು. "ಇಲ್ಲಿ ನೋಡಿ ಮಮ್ಮಾ. ಸಿಂಹ ಅಂದ್ರಲ್ಲ, ತಿಂದಿದ್ದು ಯಾರು ಯಾರನ್ನ?"

ಪರೀಕ್ಷೆಯ ದಿನದ್ದನ್ನು ಈಗ ಹೇಳಬಹುದು. ಮೊದಲ ಪ್ರಶ್ನೆ ಓದಿದಾಗ ಏನೂ ಕಾಣಲಿಲ್ಲ. ಆಪಾಮಿನ ಶಾಮಿಯಾನವೇ ಕಣ್ಣ ಮುಂದೆ ಬಂತು, ನೀನು ನನ್ನ ಕೆಂಪು ಬಟ್ಟೆಯಲ್ಲಿ. ಆಮೇಲೆ ಎಗ್ಯಾ ಅವರ ಮಾತು ನೆನಪಾಯಿತು. ಇಡೀ ಕುಲ ಕಳಿಸಿಕೊಟ್ಟವಳು ನಾನು, ಒಬ್ಬಳೇ ಅಲ್ಲ. ಪೆನ್ನು ತಾನೇ ಓಡಿತು. ನಡುವೆ ನನಗರಿಯದೆ ಹಾಡುತ್ತಿದ್ದೆನಂತೆ. ಮೇಲ್ವಿಚಾರಕ ಬಂದು, "ಮಮ್ಮಾ, ಇದು ಚರ್ಚ್ ಅಲ್ಲ" ಎಂದ. ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಸರ್, ಬಿಡಿ, ಎರಡನೇ ಸಾಲು ನಂಗೆ ಮರ್ತೋಗಿದೆ" ಎಂದ.

ಆ ಋಣ ದೊಡ್ಡದು. ಅದಕ್ಕೇ ಎಗ್ಯಾ ಒಟ್ಸಿವಾ ಅವರಿಗೆ ಪ್ರತ್ಯೇಕವಾಗಿ ಒಂದು ಪತ್ರ ಬರೆದೆ. ಅವರು ಸಭೆಯಲ್ಲಿ ಆಡಿದ ಮಾತನ್ನೆಲ್ಲ ಅಕ್ಷರ ಬಿಡದೆ ಎತ್ತಿ ಬರೆದು, ವಂದಿಸಿದ್ದೇನೆ. ಅದು ಇದೇ ಲಾರಿಯಲ್ಲಿ ಬರುತ್ತಿದೆ. ಅವರ ಕೈಗೇ ಕೊಡಬೇಕೆಂದು ಡ್ರೈವರಿಗೆ ಹೇಳಿದ್ದೇನೆ.

ಮುಂದಿನ ವಾರ ಊರಿಗೆ ಬರುತ್ತೇನೆ!

ಗೆದ್ದ ಹೆಮ್ಮೆಯ, ಎದ್ದ ಬಿರುಗಾಳಿಯ,
ಅಮ್ಮ

* * *

ಆಪಾಮ್
ಜುಲೈ 19, 1996

ಮಾತುಗಾರನೇ, ನಿಧಾನವಾಗಿ ಬಾ, ಹುಷಾರಾಗಿ ನಿಲ್ಲು. ಕುಮಾಸಿಯಲ್ಲಿ ಪ್ರಯಾಣಕ್ಕೆ ಸಿದ್ಧಳಾಗಿ ನಿಂತಿರುವ ಪಂಡಿತೆ ಅರಬಾ ಕ್ವಾಂಸಾ ಅವರಿಗೆ ಆಪಾಮಿನ ಸಮಸ್ತರ ಜಯಕಾರ ಮುಟ್ಟಿಸು. ನಾಲ್ಕನೇ ತರಗತಿ ಅಂಗಳದಲ್ಲಿ ಕುಣಿಯಿತು. ಹೆಡ್ ಮೇಷ್ಟ್ರು ಸ್ವತಃ ಘಾತನ ಪದ್ಯ ಹಾಡಿದರು, ಶ್ರುತಿ ಮಾತ್ರ ಇರಲಿಲ್ಲ. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಮೀನಿನ ಒಲೆ ಬಿಟ್ಟು ಓಡಿಬಂದರು.

ಅಮ್ಮ, ಈ ಪತ್ರ ನೀನು ಹೊರಡುವ ಮುಂಚೆ ಸಿಗಬೇಕು. ಬಂದ ಮೇಲೆ ಊರವರ ಬಾಯಲ್ಲಿ ಕೇಳುವುದು ಬೇಡ.

ಇವತ್ತು ಬೆಳಿಗ್ಗೆ ಎಗ್ಯಾ ಒಟ್ಸಿವಾ ನಮ್ಮ ಮನೆಗೆ ಬಂದರು, ನಿನ್ನ ಪತ್ರ ಹಿಡಿದುಕೊಂಡು. ಅಂತ್ಯಕ್ರಿಯೆಯ ನಂತರ ಅವರು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಕೂತರು, ನೀರು ಕುಡಿದರು. "ನನ್ ಕನ್ನಡಕ ಮುರಿದಿದೆ. ಓದು" ಎಂದರು. ಓದಿದೆ. ಏನು ಮಾಡಲಿ, ಓದಿದೆ.

ಮುಗಿದ ಮೇಲೆ ನೀರಿನ ಲೋಟ ಕೆಳಗಿಟ್ಟರು. ಆಮೇಲೆ ಕೇಳಿದರು, "ಇದನ್ನೆಲ್ಲ ನಾನು ಯಾವಾಗ ಹೇಳ್ದೆ?"

ಅಮ್ಮ, ಎರಡನೇ ಸಭೆ ನಡೆಯಲೇ ಇಲ್ಲ. ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ "ಕೂತ್ಕೊ ಮಗಳೇ" ಎನ್ನುತ್ತಿದ್ದರು. ಅದಕ್ಕೇ ನಿಂತು ಕೇಳುವುದು ಬಿಟ್ಟು, ಆ ಶನಿವಾರ ಎಲ್ಲರಿಗಿಂತ ಮೊದಲು ಹೋಗಿ ನಿನ್ನ ಬಟ್ಟೆ ಉಟ್ಟು ನಿನ್ನ ಕುರ್ಚಿಯಲ್ಲೇ ಕೂತುಬಿಟ್ಟೆ. ಕೂತವಳನ್ನು ನೂರಾರು ಜನರ ಎದುರು ಎಬ್ಬಿಸುವುದಾದರೂ ಹೇಗೆ?

"ಅರಬಾ ಎಲ್ಲಿ?" ಎಂದು ಎಗ್ಯಾ ಹಲ್ಲು ಕಚ್ಚಿ ಕೇಳಿದರು.

"ದಾರೀಲಿದ್ದಾಳೆ ಎಗ್ಯಾ. ಫೊಸು ಊರು ದಾಟಿದ್ದಾಳಂತೆ."

ಕೈ ಹಿಡಿದವರೆಲ್ಲ ಅದನ್ನೇ ಕೇಳಿದರು, ನಾನು ಎಲ್ಲರಿಗೂ ನಿನ್ನನ್ನು ಒಂದಿಷ್ಟು ಹತ್ತಿರ ತಂದೆ. ಮಂಕೆಸ್ಸಿಮ್‌ನಲ್ಲಿ ಟೈರ್ ಒಡೆಯಿತು. ಟೈರ್ ಸರಿಯಾಯಿತು. ಕೂಡುರಸ್ತೆಗೆ ಬಂದಳು. ಕೂಡುರಸ್ತೆಯಿಂದ ಹೊರಟಳು. ಹತ್ತಿರ ಹತ್ತಿರ ಬರುತ್ತಲೇ ಇದ್ದು ಯಾವತ್ತೂ ಮುಟ್ಟದಿರುವುದಕ್ಕೆ ನಿನ್ನ ಹಳೆಯ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಹೆಸರಿದೆ, ಮಿತಿ ಅಂತ. ಓದಿದ್ದು ಉಪಯೋಗಕ್ಕೆ ಬಂತು.

ಇದನ್ನೆಲ್ಲ ಎಗ್ಯಾಗೆ ಹೇಳಿದೆ. ಅವರು ಗಡ್ಡ ತುರಿಸಿಕೊಂಡು, "ಆ ಸಮುದ್ರದ ಲೆಕ್ಕದ್ದು ಇನ್ನೊಂದ್ಸಲ ಓದು" ಎಂದರು. ಓದಿದೆ. "ಹೆಣಕ್ಕೆ ಅವಸರ ಇಲ್ಲ, ಅಂದ್ನಾ?" "ಹೌದು ಎಗ್ಯಾ." "ಊರುಗೋಲು ಕುಟ್ಟಿದ್ನಾ?" "ಜೋರಾಗಿ."

ಎದ್ದು ನಿಂತರು. ಪತ್ರ ಮಡಿಚಿ ಜೇಬಿಗೆ ಹಾಕಿಕೊಂಡರು. "ಚೆನ್ನಾಗೇ ಹೇಳಿದ್ದೀನಿ ಬಿಡು" ಎಂದು ಹೊರಟರು. ಈಗ ಪಡಖಾನೆಯಲ್ಲಿ ಅವರೇ ಅದನ್ನು ಎಲ್ಲರಿಗೂ ಹೇಳುತ್ತಿದ್ದಾರಂತೆ. ಎರಡು ಸಾಲು ಹೊಸದಾಗಿ ಸೇರಿಸಿದ್ದಾರೆ. ನೀನು ತಲೆಯೆತ್ತಿ ಊರಿಗೆ ಬರಬಹುದು.

ಇಷ್ಟು ಸಾಕು, ಮಾತುಗಾರ ಹೊರಗೆ ಹೋಗಲಿ.

ಅಮ್ಮ, ನೀನು ಬರುತ್ತಿದ್ದೀಯ ಎಂದು ಹೇಳೀ ಹೇಳೀ, ಸಂಜೆಯ ಹೊತ್ತಿಗೆ ನಾನೇ ನಂಬಿಬಿಟ್ಟಿದ್ದೆ. ಒಂದೊಂದು ಲಾರಿ ನಿಂತಾಗಲೂ ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಕೊನೆಯ ಲಾರಿಯಿಂದ ಯಾರೂ ಇಳಿಯಲಿಲ್ಲ. ಆಗ ಅತ್ತುಬಿಟ್ಟೆ, ಜೋರಾಗಿ, ಎಲ್ಲರೆದುರು. ತಾತನಿಗಾಗಿ ಅಳುತ್ತಿದ್ದಾಳೆಂದು ಜನ ಬೆನ್ನು ಸವರಿದರು.

ಎಫ್ರಿಬಾ